ಅಡುಗೆಮನೆ ನೆಲದಡಿ ಸಿಕ್ಕ ಬ್ಯಾಸ್ಟಿಲ್

ಊರಿಗೆ ಹೋದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. "ನಿಮ್ಮ ಪ್ಯಾರಿಸ್‌ನವರು ಬಿಡಪ್ಪ, ಒಂದು ಚೀಟಿಯನ್ನೂ ಎಸೆಯೋದಿಲ್ಲ. ನಮ್ಮವರಿಗೆ ಎಲ್ಲಿದೆ ಆ ಶಿಸ್ತು?" ಮೊದಮೊದಲು ನಾನೂ ಹೂಂ ಅನ್ನುತ್ತಿದ್ದೆ. ಇಲ್ಲಿ ಹನ್ನೊಂದು ವರ್ಷ ಕಳೆದ ಮೇಲೆ ಹಾಗನ್ನೋದನ್ನು ಬಿಟ್ಟಿದ್ದೇನೆ. ಇವರೂ ಎಸೆದವರೇ. ಕಿಟಕಿಯಿಂದ ಕಂದಕಕ್ಕೇ ಎಸೆದವರು.

1789ರ ಜುಲೈ 14 ಶಾಲೆಯಲ್ಲಿ ಓದಿದ್ದು ನೆನಪಿರಬೇಕಲ್ಲ, ಬ್ಯಾಸ್ಟಿಲ್ ಸೆರೆಮನೆಗೆ ಜನ ನುಗ್ಗಿದ ದಿನ. ಅವತ್ತು ಹೊರಗೆ ಬಂದದ್ದು ಕೈದಿಗಳು ಮಾತ್ರವಲ್ಲ, ಕಾಗದಗಳೂ ಬಂದವು. ಪ್ಯಾರಿಸ್ ಪೊಲೀಸ್ ಮುಖ್ಯಾಧಿಕಾರಿ ತನ್ನ ಹಳೇ ಫೈಲುಗಳನ್ನೂ ಅದೇ ಕೋಟೆಯಲ್ಲಿ ಇಡಿಸುತ್ತಿದ್ದ. ಒಂದು ಶತಮಾನಕ್ಕೂ ಜಾಸ್ತಿ ಕಾಲದ ರಾಶಿ ಅದು. ಜನ ಅದನ್ನು ಅಂಗಳಕ್ಕೆ ಸುರಿದರು, ತುಳಿದರು, ಕೈಗೆ ಸಿಕ್ಕಷ್ಟು ಮನೆಗೂ ಒಯ್ದರು. ರಷ್ಯಾದ ರಾಯಭಾರ ಕಚೇರಿಯ ದುಬ್ರೋವ್‌ಸ್ಕಿ ಕೂಡಿಸಿಕೊಂಡ ಪಾಲು ಇವತ್ತು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ದಯವಿಟ್ಟು ವಾಪಸ್ ಕೊಡಿ ಅಂತ ನಗರದವರು ಕೇಳಿಕೊಂಡ ಮೇಲೆ ಒಂದಿಷ್ಟು ಮರಳಿ ಬಂತು. 1798ರಲ್ಲಿ ಅದನ್ನೆಲ್ಲ ಹತ್ತಿರದಲ್ಲೇ ಇದ್ದ ಆರ್ಸನಲ್ ಗ್ರಂಥಾಲಯಕ್ಕೆ ಸಾಗಿಸಿದರು.

ಸಾಗಿಸಿದ್ದೇ ಬಂತು, ಆಮೇಲೆ ಮರೆತೇ ಹೋದರು! ಸುಮಾರು ನಲವತ್ತು ವರ್ಷ ಯಾರಿಗೂ ಅದರ ಗೊಡವೆಯೇ ಇಲ್ಲ.

ಅಲ್ಲಿ ಕೆಲಸಕ್ಕಿದ್ದವರು ಫ್ರಾನ್ಸ್ವಾ ರಾವೆಸೋನ್. ಹುಟ್ಟಿದ್ದು 1811ರಲ್ಲಿ. 1840ರಲ್ಲಿ ಗ್ರಂಥಾಲಯದ ಕಟ್ಟಡದಲ್ಲೇ ಇದ್ದ ಅವರ ಅಡುಗೆಮನೆಯ ಹಳೇ ನೆಲ ಕೀಳಿಸಿದಾಗ ಅಡಿಯಲ್ಲಿ ಕಂಡಿದ್ದು ಕಾಗದದ ರಾಶಿ. ವಿಚಾರಣೆಯಿಲ್ಲದೆ ಯಾರನ್ನು ಬೇಕಾದರೂ ಒಳಗೆ ಹಾಕಲು ರಾಜ ಸಹಿ ಮಾಡಿ ಕೊಡುತ್ತಿದ್ದ ಹುಕುಂ, ಪೊಲೀಸರ ವರದಿ, ಕೈದಿಗಳ ಪತ್ರ, ಎಲ್ಲವೂ ಒಂದರ ಮೇಲೊಂದು. ಇಡೀ ಊರೇ ಮರೆತ ಬ್ಯಾಸ್ಟಿಲ್ ಮೇಲೆ ಈ ಮನುಷ್ಯನ ಮನೆಯಲ್ಲಿ ದಿನಾ ಸಾರು ಕುದಿಯುತ್ತಿತ್ತು!

ಸಿಕ್ಕಿದ್ದು ಅದೃಷ್ಟ, ಒಪ್ಪೋಣ. ಆಮೇಲಿನ ಕೆಲಸಕ್ಕೆ ಮಾತ್ರ ಬೇರೆ ಹೆಸರು ಬೇಕು. ತಾರೀಖಿಲ್ಲದ, ತಲೆಬುಡವಿಲ್ಲದ ಹಾಳೆಗಳನ್ನು ಬಿಡಿಸಿ, ಯಾರ ಫೈಲಿನದು ಯಾವುದು ಅಂತ ಜೋಡಿಸುತ್ತಾ ಹೋದರು. ಮೊದಲ ಸಂಪುಟ ಅಚ್ಚಾಗಿದ್ದು 1866ರಲ್ಲಿ. ಅಂದರೆ ಇಪ್ಪತ್ತಾರು ವರ್ಷದ ಮೇಲೆ. 1884ರಲ್ಲಿ ಅವರು ತೀರಿಕೊಂಡ ಮೇಲೆ ಅದೇ ಮನೆತನದ ಇನ್ನೊಬ್ಬರು ಕೈ ಹಾಕಿ, 1904ರ ಹೊತ್ತಿಗೆ 19 ಸಂಪುಟ ಮುಗಿಸಿದರು.

ಅವನ್ನು ತಿರುವಿ ನೋಡಿದರೆ ರಾವೆಸೋನ್‌ರಿಗೆ ದೊಡ್ಡವರ ಪ್ರಕರಣಗಳ ಮೇಲೆ ಒಲವು ಜಾಸ್ತಿ ಅನಿಸುತ್ತದೆ. ಹದಿನಾಲ್ಕನೇ ಲೂಯಿಯ ಹಣಕಾಸು ಮಂತ್ರಿ ಫೂಕೆ ಇದ್ದಾನೆ. 1680ರಲ್ಲಿ ಲಾ ವ್ವಾಸಾಂ ಅನ್ನುವ ಹೆಂಗಸನ್ನು ಸುಟ್ಟು ಕೊಂದ, ಅರಮನೆಯನ್ನೇ ನಡುಗಿಸಿದ ವಿಷದ ಹಗರಣಕ್ಕಂತೂ ಪುಟಗಟ್ಟಲೆ ಜಾಗ. ತಪ್ಪೇನಿಲ್ಲ, ನಾನಾಗಿದ್ದರೂ ಅದನ್ನೇ ಮೊದಲು ಅಚ್ಚು ಹಾಕಿಸುತ್ತಿದ್ದೆನೋ ಏನೋ. ಆದರೆ ಆರ್ಸನಲ್‌ನಲ್ಲಿ ಬ್ಯಾಸ್ಟಿಲ್ ಕಾಗದಗಳಿಗೆ ಕೊಟ್ಟಿರುವ ನಂಬರು 10001ರಿಂದ 12727ರವರೆಗೆ ಹೋಗುತ್ತದೆ. 19 ಸಂಪುಟದಲ್ಲಿ ಅದೆಲ್ಲ ಹಿಡಿಸುವುದುಂಟೇ? ಗಂಡ ಕುಡುಕ, ಒಳಗೆ ಹಾಕಿ ಅಂತ ಹೆಂಡತಿ ಬರೆಸಿದ ಅರ್ಜಿ, ಮಗ ಮಾತು ಕೇಳಲ್ಲ ಅಂತ ಅಪ್ಪ ಬರೆಸಿದ ಅರ್ಜಿ, ಇವೆಲ್ಲ ಪೆಟ್ಟಿಗೆಯಲ್ಲೇ ಉಳಿದವು.

ಅವು ಉಳಿದಿದ್ದವು ಅನ್ನೋದೇ ನನಗೆ ಮುಖ್ಯ. ಅರ್ಲೆಟ್ ಫಾರ್ಜ್ ಅನ್ನುವ ಇತಿಹಾಸಕಾರ್ತಿ ಮತ್ತು ಫ್ರೆಂಚ್ ತತ್ವಜ್ಞಾನಿ ಮಿಶೆಲ್ ಫೂಕೋ ಸೇರಿ ಈ ಮನೆಜಗಳದ ಅರ್ಜಿಗಳನ್ನು ಪುಸ್ತಕ ಮಾಡಿದ್ದು 1982ರಲ್ಲಿ. ಫಾರ್ಜ್ ಹೇಳುವ ಒಂದು ಸಂಗತಿ ನನ್ನ ತಲೆಯಿಂದ ಹೋಗಿಲ್ಲ. ಕೈದಿಯೊಬ್ಬ ಬಟ್ಟೆಯ ಚೂರಿನ ಮೇಲೆ ಹೆಂಡತಿಗೆ ಪತ್ರ ಬರೆದು, ಒಗೆಯುವ ಬಟ್ಟೆಯ ಜೊತೆ ದಾಟಿಸಲು ನೋಡುತ್ತಾನೆ. ಬಟ್ಟೆ ಒಗೆಯುವವಳಿಗೆ ಒಂದು ಬೇಡಿಕೆ ಇಡುತ್ತಾನೆ. ಒಗೆದ ಕಾಲುಚೀಲದ ಮೇಲೆ ಪುಟ್ಟದೊಂದು ನೀಲಿ ಶಿಲುಬೆ ಹೊಲಿದು ಕಳಿಸು, ಪತ್ರ ತಲುಪಿತು ಅಂತ ತಿಳಿದುಕೊಳ್ಳುತ್ತೇನೆ. ಆ ಬಟ್ಟೆ ಚೂರು ಇವತ್ತೂ ಪೊಲೀಸ್ ಕಾಗದಗಳ ನಡುವೆ ಇದೆ. ಅಂದಮೇಲೆ ಶಿಲುಬೆ ಹೊಲಿದಿರಲಾರರು, ಅಲ್ವಾ.

ಬಟ್ಟೆಯ ಮೇಲೆ ಬರೆದದ್ದು ಅಂದಾಗ ನನಗೆ ನೆನಪಾಗೋದು ನಮ್ಮ ಮನೆಯ ಕಡತ. ನಮ್ಮದು ಸಾಗರದ ಕಡೆಯ ಶಾನುಭೋಗರ ಮನೆ. ಕಚೇರಿಗಳಲ್ಲಿ ಇವತ್ತು ಫೈಲಿಗೆ ಕಡತ ಅನ್ನುತ್ತಾರಲ್ಲ, ಮೂಲ ಕಡತ ಅಂದರೆ ಕಪ್ಪು ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಲೆಕ್ಕದ ಪುಸ್ತಕ. ಬರೆಯೋದು ಬಳಪದಲ್ಲಿ. ಬೇಡವಾದ್ದನ್ನು ಒರೆಸಿ ಮತ್ತೆ ಬರೆಯಬಹುದು. ಚಿಕ್ಕಂದಿನಲ್ಲಿ ಅಟ್ಟ ಹತ್ತಿ ಅದನ್ನು ಮುಟ್ಟಿದರೆ ಬೆರಳೆಲ್ಲ ಮಸಿ, ಅಜ್ಜನ ಕೈಯಲ್ಲಿ ಬೈಗುಳ.

1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಅಟ್ಟದ ಮೇಲಿನ ಲೆಕ್ಕಕ್ಕೆ ಬೆಲೆಯೂ ಹೋಯಿತು. ಆದರೂ ಎಷ್ಟೋ ವರ್ಷ ಯಾರೂ ಎಸೆಯಲಿಲ್ಲ, ನೋಡಿ. ಎಸೆದದ್ದು ಸ್ಕ್ಯಾನ್ ಆದ ಮೇಲೆ. ಒಂದು ಸಂಸ್ಥೆಯವರು ಬಂದು ಕಡತ, ಕಾಗದ ಎಲ್ಲ ಒಯ್ದು, ಸ್ಕ್ಯಾನ್ ಮಾಡಿ, ಒಂದು ಸೀಡಿ ಸಮೇತ ವಾಪಸ್ ಕೊಟ್ಟರು. ದೊಡ್ಡಪ್ಪನಿಗೆ ನಿರಾಳವಾಯಿತು. ಮುಂದಿನ ಮಳೆಗಾಲಕ್ಕೆ ಅಟ್ಟ ಖಾಲಿ. ನಾನು ಫೋನಲ್ಲಿ ಕೂಗಾಡಿದರೆ, "ಸ್ಕ್ಯಾನ್ ಆಯ್ತಲ್ಲ ಮಾರಾಯ, ಗೆದ್ದಲಿಗೆ ಯಾಕೆ ಇಡೋದು" ಅಂದರು. ಸೀಡಿ ಹಾಕಿ ನೋಡಿದೆ. ಮಡಿಕೆ ಬಿಡಿಸದೆ ತೆಗೆದ ಚಿತ್ರಗಳು. ಪ್ರತಿ ಪುಟದಲ್ಲೂ ಎರಡು ಸಾಲು ಮಡಿಕೆಯೊಳಗೆ ಮಾಯ.

ನನ್ನ ತಕರಾರು ಸ್ಕ್ಯಾನಿನ ಮೇಲೆ ಅಲ್ಲ. ರಾವೆಸೋನ್ ಸಂಪುಟಗಳನ್ನು ನಾನು ಓದೋದೂ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣ ಗ್ಯಾಲಿಕಾದಲ್ಲಿ, ಲ್ಯಾಪ್‌ಟಾಪ್ ಮುಂದೆ, ಕಾಲು ಚಾಚಿಕೊಂಡು. ಇವರಿಗೂ ನಮಗೂ ಇರುವ ವ್ಯತ್ಯಾಸ ನನಗೆ ಕಂಡಿದ್ದು ಒಂದೇ ಜಾಗದಲ್ಲಿ. ಅಚ್ಚಾದ ಮೇಲೂ ಇವರು ಪೆಟ್ಟಿಗೆ ಬಿಸಾಡಲಿಲ್ಲ. ರಾವೆಸೋನ್ ಬೇಡ ಅಂತ ಬಿಟ್ಟದ್ದನ್ನು ನೂರು ವರ್ಷದ ಮೇಲೆ ಇನ್ನೊಬ್ಬರು ಬೇಕು ಅಂತ ಕೇಳಿದರೆ ತೆಗೆದುಕೊಡಲು ಏನೋ ಇತ್ತು.

ಇನ್ನು ಮನುಷ್ಯರ ಮಾತು. ನಮ್ಮಲ್ಲಿ ರಾವೆಸೋನ್‌ಗಳೇ ಇಲ್ಲ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಪಕ್ಕದ ಕೆಳದಿಯಲ್ಲೇ ಗುಂಡಾ ಜೋಯಿಸರು ಓಲೆಗರಿ, ಕಡತ, ಹಳೇ ಪತ್ರ ಅಂತ ಕೂಡಿಸಿ ಮ್ಯೂಸಿಯಂ ಮಾಡಿದರು. ಮೋಡಿ ಅನ್ನುವ ಹಳೇ ಮರಾಠಿ ಕೂಡುಬರಹವನ್ನು ಓದಬಲ್ಲವರಾಗಿದ್ದರು. ನಮ್ಮ ಮನೆಯಿಂದ ಒಂದು ಬಸ್ಸಿನ ದಾರಿ. ಕಡತ ಅಲ್ಲಿಗೆ ಕೊಡೋಣ ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ನಾನು ಪ್ಯಾರಿಸ್‌ನಲ್ಲಿ ಕೂತು ಫೋನ್ ಮಾಡುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಒಂದು ಕಡತ ಉಳಿದಿರೋದು ಗೊತ್ತಾಯಿತು. ಅತ್ತಿಗೆ ಅದನ್ನು ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದರು, ಅಜ್ಜನ ಕೈಬರಹ ಅಂತ. "ನೀವೇ ತಗೊಂಡು ಹೋಗಿ, ಅಲ್ಲಾದರೆ ಚೆನ್ನಾಗಿ ಇಡ್ತಾರೆ" ಅಂದರು. 75 ವರ್ಷ ದಾಟಿದ ಇಂಥ ಹಸ್ತಪ್ರತಿಯನ್ನು ದೇಶ ದಾಟಿಸೋ ಹಾಗಿಲ್ಲ ಅತ್ತಿಗೆ, ಅಂದೆ. ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ಜಗಲಿಯ ಬೆಳಕಲ್ಲಿ ಇಬ್ಬರೂ ಫೋಟೋ ತೆಗೆದೆವು. ಒಂದು ಕಡೆ ಅಡಿಕೆ ಲೆಕ್ಕ, ಇನ್ನೊಂದು ಕಡೆ ಯಾರೋ ಒರೆಸಿದ ಗುರುತು. ಆಮೇಲೆ ಅದೇ ಸೀರೆಯಲ್ಲಿ ಸುತ್ತಿ ಅದೇ ಬೀರುವಿಗೆ ವಾಪಸ್ ಇಟ್ಟರು. ಬೀಗದ ಕೈ ಅವರ ಹತ್ತಿರವೇ ಇದೆ.