ಯಾರೂ ಹಾಕಿದ್ದಲ್ಲ, ತಾನೇ ಬಂದಿದ್ದು

ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಬೇಡಿ ಅಂತ ಸರ್ಕಾರ 2025ರ ಫೆಬ್ರುವರಿಯಲ್ಲಿ ಗುಡುಗಿತಲ್ವಾ? ನಮ್ಮ ಕಡೆಯ ಹೋಟೆಲ್ಲಿನವರು ಮರುಮಾತಾಡದೆ ಒಪ್ಪಿಕೊಂಡರು. ಈಗ ಇಡ್ಲಿ ಶುದ್ಧ ಬಟ್ಟೆಯ ಮೇಲೇ ಬೇಯುತ್ತದೆ. ಬೆಂದ ಮೇಲೆ ಪ್ಲಾಸ್ಟಿಕ್ ಚೀಲಕ್ಕೆ ಇಳಿಯುತ್ತದೆ. ಜೊತೆಗೆ ಕುದಿಯುವ ಸಾಂಬಾರು, ಅದಕ್ಕೂ ಬೇರೆಯದೇ ಚೀಲ.

ಮೊನ್ನೆ ಕುಮಟಾದಲ್ಲಿ ಪಾರ್ಸಲ್ ಕಟ್ಟೋದನ್ನು ನಿಂತು ನೋಡಿದೆ. ಹುಡುಗ ಚೀಲದ ಬಾಯಿಗೆ ಫೂ ಅಂತ ಊದಿದ. ಎರಡು ಸೌಟು ಸುರಿದ. ಚೀಲ ಮೆತ್ತಗಾಗಿ ಜೋತುಬಿತ್ತು. ತಿರುಪಿ, ದಾರ ಸುತ್ತಿ ಕೈಗಿಟ್ಟು, "ಬಿಸಿ ಅದೆ, ಬುಡಕ್ಕೆ ಕೈ ಹಿಡೀರಿ" ಅಂದ. ಎಷ್ಟು ಕಾಳಜಿ ನೋಡಿ.

ಪ್ರಯೋಗಾಲಯದಲ್ಲೂ ಹೆಚ್ಚು ಕಡಿಮೆ ಇದೇ ಕೆಲಸ. ಪ್ಯಾಕಿಂಗಿನಿಂದ ಊಟಕ್ಕೆ ಏನೇನು ಇಳಿಯುತ್ತದೆ ಅಂತ ನೋಡೋಕೆ ಅವರು ಊಟ ಹಾಕೋದಿಲ್ಲ. ಹುಳಿಯ ಬದಲಿಗೆ 3% ಅಸಿಟಿಕ್ ಆಮ್ಲ, ಎಣ್ಣೆಯ ಬದಲಿಗೆ ಹೆಪ್ಟೇನ್ ಅನ್ನೋ ದ್ರಾವಕ. ಅದರಲ್ಲಿ ಪ್ಲಾಸ್ಟಿಕ್ಕನ್ನು ಬಿಸಿಯಲ್ಲಿಟ್ಟು, ಆಮೇಲೆ ದ್ರವವನ್ನು ಆವಿ ಮಾಡಿ, ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಒಂದು ಕಿಲೋ ಆಹಾರಕ್ಕೆ ಒಟ್ಟು 60 ಮಿಲಿಗ್ರಾಂ ದಾಟಬಾರದು ಅಂತ 2018ರ ನಿಯಮ. ನಾವು ಅಷ್ಟು ಕಷ್ಟಪಡೋದಿಲ್ಲ. ಹುಳಿ ಹುಳಿ ಮುರುಗಲ ಸಾರನ್ನೇ ಚೀಲಕ್ಕೆ ಹಾಕಿ, ಚೀಲದಿಂದ ಹೊಟ್ಟೆಗೆ ಹಾಕಿ ನೋಡುತ್ತೇವೆ. ತೂಗೋದೊಂದು ಬಿಟ್ಟಿದ್ದೇವೆ.

ಈ ಶಾಸ್ತ್ರದಲ್ಲಿ ನನಗೆ ಭಾರೀ ಇಷ್ಟವಾದ ಮಾತೊಂದಿದೆ: 'ಉದ್ದೇಶವಿಲ್ಲದೆ ಸೇರಿದ ವಸ್ತು'. ಅಂದ್ರೆ ಕಂಪನಿಯವರು ಹಾಕಿದ್ದಲ್ಲ. ಪ್ಲಾಸ್ಟಿಕ್ ಮಾಡುವಾಗ ಬಿಸಿಗೆ ಒಡೆದು ಹುಟ್ಟಿದ್ದು, ಕಚ್ಚಾ ಮಾಲಿನ ಜೊತೆ ಬಂದಿದ್ದು, ಮರುಬಳಕೆಯ ಮಾಲಾದರೆ ಹಿಂದಿನ ಜನ್ಮದ ಪಾಪ. ಪರೀಕ್ಷೆಯ ಯಂತ್ರದಲ್ಲಿ ಒಂದೊಂದು ವಸ್ತುವಿಗೂ ಗೆರೆ ಮೂಡುತ್ತದಂತೆ, ಎಷ್ಟೋ ಸಲ ಅದು ಯಾವುದರ ಗೆರೆ ಅಂತ ಹೇಳೋಕೇ ಬರಲ್ಲವಂತೆ. ಯಾರೂ ಹಾಕಿದ್ದಲ್ಲ, ಆದ್ರೂ ಬಂದಿದೆ. ಶಿರಸಿ ದಾರಿಯ ದೇವಿಮನೆ ಘಟ್ಟದ ಗುಂಡಿಗಳಿಗೂ ಇಷ್ಟು ಚಂದದ ಹೆಸರು ಯಾರೂ ಇಟ್ಟಿರಲಿಲ್ಲ.

ಘಟ್ಟ ಅಂದಾಗ ನೆನಪಾಯ್ತು. ಶಿರಸಿ ಕಡೆ ಒಂದು ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತರೆ ಮುಂದೆ ಹಸಿರು ಕಾಗದ. ಅದರ ಮೇಲೆ ಬಾಳೆಎಲೆಯ ಚಿತ್ರ! ನಡುವಿನ ದಿಂಡು, ಪಕ್ಕದ ನರ, ತುದಿಯಲ್ಲಿ ಸ್ವಲ್ಪ ಹರಿದ ಹಾಗೆ ಒಂದು ಗೀರು, ಎಲ್ಲಾ ಅಚ್ಚುಕಟ್ಟು. ಮೇಲೆ ನುಣ್ಣಗೆ ಪ್ಲಾಸ್ಟಿಕ್ ಪದರ, ಮಾವಿನಕಾಯಿಯ ತೆಳು ಅಪ್ಪೆಹುಳಿ ನಿಲ್ಲದೆ ಜಾರುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರು ರೂಢಿಯಂತೆ ಅದಕ್ಕೂ ನೀರು ಚಿಮುಕಿಸಿ ಒರೆಸಿದರು. ಚಪ್ಪರದ ಹಿಂದಿನ ತೋಟದಲ್ಲಿ ನಿಜವಾದ ಬಾಳೆ ತೂಗುತ್ತಿತ್ತು, ದನ ಮೇಯುತ್ತಿತ್ತು. ದನಕ್ಕೆ ಎಲೆ, ನೆಂಟರಿಗೆ ಎಲೆಯ ಫೋಟೋ.

ಕಾಗದದ ಲೋಟದ್ದೂ ಇದೇ ಕಥೆ. ಒಳಗಿನ ಪದರದಿಂದ 15 ನಿಮಿಷದಲ್ಲಿ 100 ಮಿಲಿಲೀಟರ್ ಬಿಸಿ ನೀರಿಗೆ ಸುಮಾರು 25,000 ಪ್ಲಾಸ್ಟಿಕ್ ಕಣ ಇಳಿಯಬಹುದು ಅಂತ ಖರಗಪುರದ ಐಐಟಿಯವರು 2020ರಲ್ಲೇ ಎಣಿಸಿದ್ದಾರೆ. ನಾವು ಎರಡು ಗುಟುಕಿಗೆ ಮುಗಿಸುವವರು. 15 ನಿಮಿಷ ಒಂದೇ ಚಹಾ ಕುಡಿಯೋದು ಕಚೇರಿಗಳಲ್ಲಿ ಮಾತ್ರ, ಹಾಗಾಗಿ ಅಪಾಯ ಅಲ್ಲೇ ಜಾಸ್ತಿ.

ಸುಮ್ನೆ ನಗಾಡ್ತೀರಲ್ಲ, ದೂರು ಕೊಡಿ ಅಂತೀರಿ. ಕಚೇರಿಯಲ್ಲಿ ಕೇಳಿದೆ. ಪರೀಕ್ಷೆಗೆ ಸ್ಯಾಂಪಲ್ ಜಿಲ್ಲೆಯಿಂದ ಹೊರಗೆ ಹೋಗಬೇಕು ಅಂದರು. ಹೋಗಲಿ ಬಿಡಿ. ಇಲ್ಲಿ ಎದೆ ಹಿಡಿದುಕೊಂಡ ಮನುಷ್ಯನೇ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಒಂದು ದೊಡ್ಡಾಸ್ಪತ್ರೆ ಕೊಡಿ ಅಂತ ಕೇಳಿ ಕೇಳಿ ಈ ಉತ್ತರ ಕನ್ನಡ ಜಿಲ್ಲೆಯ ಗಂಟಲು ಒಣಗಿದೆ. ಕುದಿಯೋ ಸಾರನ್ನು ತೆಳು ಪ್ಲಾಸ್ಟಿಕ್ಕಿಗೆ ಸುರಿಯಬಾರದು ಅಂತ ಹೇಳೋಕೆ ಯಾವ ಯಂತ್ರವೂ ಬೇಡ, ಹೋಟೆಲ್ ಬಾಗಿಲಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಅಷ್ಟೂ ಯಾರಿಂದಲೂ ಆಗೋದಿಲ್ಲ.

ಮರುದಿನ ನಾನೇ ಸ್ಟೀಲ್ ಡಬ್ಬಿ ಒಯ್ದೆ. ಹುಡುಗನಿಗೆ ಖುಷಿಯಾಯ್ತು. ಸಾಂಬಾರನ್ನು ಚೀಲಕ್ಕೆ ತುಂಬಿ, ದಾರ ಕಟ್ಟಿ, ಚೀಲವನ್ನು ಜೋಪಾನವಾಗಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ.

"ಚೆಲ್ಲೂದಿಲ್ಲ ಈಗ," ಅಂದ.