ಇಂಜಿನ್ ಬಿಚ್ಚುವ ಮೊದಲು ಪುಸ್ತಕ ತರಿಸಿ

ಕಾರು ರಿಪೇರಿಯ ಒಂದು ಪುಸ್ತಕದ ವಿಷಯಕ್ಕೆ ನಿನ್ನೆ ಸಂಜೆಯಿಂದ ತಲೆ ಕೆಟ್ಟುಹೋಗಿದೆ. ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ. ಬರೆದರೆ ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ. ಉದ್ದವಾದರೆ ಬೇಜಾರಾಗಬೇಡಿ.

ನನ್ನ ಗೆಳೆಯನ ಎಂಜಿಬಿ ಕಾರು, ಆ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. 1972ರದು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಮಡಚುವ ಟಾಪು. ಗಣಿ ಧೂಳೆಲ್ಲ ದುಡ್ಡಾಗಿದ್ದ ಕಾಲದಲ್ಲಿ ಅವರ ತಂದೆ ಆಸೆಪಟ್ಟು ತಂದಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತಲ್ಲ, ಅದರ ಹಿಂದೆಯೇ ಈ ಕಾರೂ ಶೆಡ್ಡಿನಲ್ಲಿ ನಿಂತುಬಿಟ್ಟಿತು. ಈಗ ಅದನ್ನು ಮತ್ತೆ ರೋಡಿಗೆ ಇಳಿಸಬೇಕು ಅಂತ ಗೆಳೆಯ ಹೊರಟಿದ್ದಾನೆ. ಕೇಳಿದಾಗ ನನಗೂ ಖುಷಿಯಾಗಿತ್ತು.

ನಿನ್ನೆ ಕೌಲ್ ಬಜಾರಿಗೆ ಹೋದವನು ಹಾಗೇ ಆ ಶೆಡ್ಡಿಗೂ ಹೋದೆ. ಇಂಜಿನ್ ಪೂರ್ತಿ ಬಿಚ್ಚಿ ಹರಡಿದ್ದರು. ಒಬ್ಬ ಹುಡುಗ ಕನೆಕ್ಟಿಂಗ್ ರಾಡನ್ನು ವೈಸ್‌ಗೆ ಕಚ್ಚಿಸಿ, ಅದನ್ನು ಪಿಸ್ಟನ್ನಿಗೆ ಜೋಡಿಸುವ ಗಜನ್ ಪಿನ್ ಮೇಲೆ ಪಂಚ್ ಇಟ್ಟು, ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ. ನಾನು ‘ನಿಲ್ಲಿಸಪ್ಪಾ’ ಅನ್ನುವುದರೊಳಗೆ ಪಿಸ್ಟನ್ನಿನ ಕೆಳಗಿನ ಅಂಚು, ಸ್ಕರ್ಟ್ ಅನ್ನುತ್ತಾರಲ್ಲ, ಅದು ಸೀಳಿತು.

ಯಾಕೆ ಹೊಡೆದೆ ಅಂತ ಕೇಳಿದೆ.

"ಪಿನ್ನು ಹಿಡಕೊಂಡೈತಿ ಅಣ್ಣಾ. ಬೋಲ್ಟ್ ಬಿಚ್ಚಿದ್ರೆ ಬರ್ತೈತಿ ಅಂತ ಪುಸ್ತಕದಾಗ ಹಾಕ್ಯಾರ. ಇದಕ್ಕ ಬೋಲ್ಟೇ ಇಲ್ಲ."

ಫೋನ್ ತೋರಿಸಿದ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಎಂಜಿಬಿ ರಿಪೇರಿ ಪುಸ್ತಕದ ಪಿಡಿಎಫ್. ಜೆರಾಕ್ಸಿನ ಜೆರಾಕ್ಸನ್ನು ಸ್ಕ್ಯಾನ್ ಮಾಡಿದ್ದು. ಅದರ ಚಿತ್ರದಲ್ಲಿ ಕ್ರ್ಯಾಂಕಿಗೆ, ಅಂದರೆ ಇಂಜಿನ್ನಿನ ಒಳಗೆ ತಿರುಗುವ ದಂಡಕ್ಕೆ, ಆಸರೆಯಾಗಿ ಮೂರು ಮೇನ್ ಬೇರಿಂಗ್. ಅಲ್ಲೇ ಗೋಣಿಚೀಲದ ಮೇಲೆ ಮಲಗಿದ್ದ ಕ್ರ್ಯಾಂಕಿಗೆ ಐದು. ಎಣಿಸಿದ್ದರೆ ಸಾಕಿತ್ತು. ಹುಡುಗನನ್ನು ನಾನು ಬೈಯಲಿಲ್ಲ. ಅವನು ಪುಸ್ತಕ ಓದಿಯೇ ಕೆಲಸ ಮಾಡಿದ್ದಾನೆ. ಅವನ ಕೈಗೆ ಬೇರೆ ಇಂಜಿನ್ನಿನ ಪುಸ್ತಕ ಕೊಟ್ಟವರ ಮೇಲೆ ನನಗೆ ಸಿಟ್ಟು.

ಎಂಜಿಬಿ ತಯಾರಾಗಿದ್ದು 1962ರಿಂದ 1980ರವರೆಗೆ. ಇಂಜಿನ್ ಕೇಳಿದರೆ ಎಲ್ಲರೂ 1798 ಸಿಸಿ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ. ಒಳಗೆ ಹಾಗಿಲ್ಲ. 1964ರಲ್ಲಿ ಮೂರು ಬೇರಿಂಗಿನ ಕ್ರ್ಯಾಂಕ್ ಹೋಗಿ ಐದು ಬೇರಿಂಗಿನದು ಬಂತು. ಮೂರು ಬೇರಿಂಗಿನ ಇಂಜಿನ್ನಿನಲ್ಲಿ ಗಜನ್ ಪಿನ್ನನ್ನು ಕನೆಕ್ಟಿಂಗ್ ರಾಡಿನ ಚಿಕ್ಕ ತುದಿಯಲ್ಲಿ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಗೆಳೆಯನ ಕಾರಿನದು 18ವಿ ಅಂತ ಶುರುವಾಗುವ ನಂಬರಿನ ಇಂಜಿನ್. ಅದರಲ್ಲಿ ಆ ಬೋಲ್ಟೇ ಇಲ್ಲ. ಪಿನ್ನನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿರುತ್ತಾರೆ, ತೆಗೆಯುವುದೂ ಪ್ರೆಸ್ಸಿನಲ್ಲೇ. ರಾಡಿನ ದೊಡ್ಡ ತುದಿಯನ್ನು (ಬಿಗ್ ಎಂಡ್) ಕ್ರ್ಯಾಂಕಿಗೆ ಬಿಗಿಯುವ ಬಲದ ಲೆಕ್ಕವೂ ಬೇರೆ. ಹಳೆಯ ರಾಡಿನ ಬೋಲ್ಟಿಗೆ 35ರಿಂದ 40 ಪೌಂಡ್-ಅಡಿ, ಹನ್ನೆರಡು ಮೂಲೆಯ ನಟ್ ಇರುವ ರಾಡಿಗೆ 33. ಬ್ಯಾಟರಿಯದೂ ಇದೇ ಕಥೆ. 1967ರವರೆಗಿನ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಮೈಗೆ ಜೋಡಿಸುತ್ತಾರೆ, ಆಮೇಲಿನವುಗಳಲ್ಲಿ ನೆಗೆಟಿವ್. ಹಳೆಯ ಪುಸ್ತಕ ಹಿಡಿದು 1972ರ ಕಾರಿಗೆ ಬ್ಯಾಟರಿ ಕೊಟ್ಟರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸುಡುತ್ತದೆ.

ಇಷ್ಟು ಫರಕು ಇರುವಾಗ ‘ಎಂಜಿಬಿ ಪುಸ್ತಕ ಇದೆಯಲ್ಲ’ ಅಂದರೆ ಹೇಗೆ? ಯಾವ ವರ್ಷದ್ದು, ಯಾವ ಇಂಜಿನ್ನಿನದು ಅಂತ ಕೇಳಬೇಕೋ ಬೇಡವೋ?

ಬಣ್ಣಕ್ಕೆ ಕೊಟ್ಟರು. ಸೀಟಿಗೆ ಚರ್ಮ ಹೊಲಿಸಿದರು. ಬಂಪರಿಗೆ ಕ್ರೋಮ್ ಮಾಡಿಸಿದರು. ಪುಸ್ತಕಕ್ಕೆ ಮಾತ್ರ ಒಂದು ರೂಪಾಯಿ ಬಿಚ್ಚಲಿಲ್ಲ. ಇದೇ ನನಗೆ ತಡೆಯಲಾಗದ್ದು. ಆ ಒಂದು ಪಿಸ್ಟನ್ ಈಗ ಇಂಗ್ಲೆಂಡಿನಿಂದ ಬರಬೇಕು. ರಾಡು ಬಗ್ಗಿದೆಯೋ ಇಲ್ಲವೋ ಲೇತಿನವರು ನೋಡಿ ಹೇಳಬೇಕು. ಪುಸ್ತಕದಲ್ಲಿ ಉಳಿಸಿದ್ದಕ್ಕಿಂತ ಎಷ್ಟು ಜಾಸ್ತಿ ಹೋಯಿತು, ನೀವೇ ಲೆಕ್ಕ ಹಾಕಿ.

ವರ್ಷ ಸರಿಯಾಗಿದ್ದಿದ್ದರೂ ಆ ಪಿಡಿಎಫ್ ಕೆಲಸಕ್ಕೆ ಬರುತ್ತಿರಲಿಲ್ಲ. ಅಂಕಿ ಇರುವ ಪುಟಗಳೇ ಮಸುಕು. ಮೂರೋ ಎಂಟೋ ಗೊತ್ತಾಗುವುದಿಲ್ಲ. ದಶಾಂಶದ ಚುಕ್ಕಿ ಎಷ್ಟೋ ಕಡೆ ಮಾಯ. ಇಂಜಿನ್ ಕೆಲಸದಲ್ಲಿ ಆ ಚುಕ್ಕಿಯೇ ಪ್ರಾಣ. ಕ್ರ್ಯಾಂಕಿಗೂ ಬೇರಿಂಗಿಗೂ ಮಧ್ಯೆ ಇರಬೇಕಾದ ಸಂದಿಯನ್ನು ಥೌ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಥೌ ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲು, 0.025 ಮಿಲಿಮೀಟರ್. ನಮ್ಮ ತಲೆಗೂದಲೇ ಅದಕ್ಕಿಂತ ದಪ್ಪ.

‘ಹಳೇ ಮೇಸ್ತ್ರಿಗಳು ಯಾವ ಪುಸ್ತಕ ಓದಿದ್ರು? ಅವರ ಕೈಗೇ ಗೊತ್ತಿರ್ತಿತ್ತು’ ಅಂತ ಗೆಳೆಯ ಅಂದ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೈಗೆ ಗೊತ್ತಿರುತ್ತದೆ, ನಿಜ. ಆದರೆ ಕೈಗೆ ಗೊತ್ತಿರುವುದು ಅದು ನೂರು ಸಲ ಮುಟ್ಟಿದ ಇಂಜಿನ್ ಮಾತ್ರ. ನಮ್ಮ ಅಪ್ಪನ ಕೈಗೆ ಅಂಬಾಸಿಡರ್ ಗೊತ್ತಿತ್ತು. ಅದರ 1489 ಸಿಸಿ ಇಂಜಿನ್ನೂ ಈ ಎಂಜಿಬಿ ಇಂಜಿನ್ನೂ ಒಂದೇ ಮನೆತನದವು, ಬಿಎಂಸಿ ಅನ್ನುವ ಬ್ರಿಟಿಷ್ ಕಂಪನಿಯ ಬಿ ಸೀರೀಸ್.  ಆದರೂ ಅಪ್ಪ ನಿನ್ನೆ ಆ ಶೆಡ್ಡಿನಲ್ಲಿದ್ದಿದ್ದರೆ, ಅಂಬಾಸಿಡರಿನ ಅಭ್ಯಾಸದಲ್ಲಿ ಅವನೂ ಆ ಇಲ್ಲದ ಬೋಲ್ಟನ್ನೇ ಹುಡುಕುತ್ತಿದ್ದ. ಒಂದೇ ವ್ಯತ್ಯಾಸ ಅಂದರೆ, ಬೋಲ್ಟ್ ಕಾಣದಿದ್ದಾಗ ಸುತ್ತಿಗೆ ಎತ್ತುತ್ತಿರಲಿಲ್ಲ.

ಯಾಕೆಂದರೆ ಅಪ್ಪನ ಹತ್ತಿರ ಪುಸ್ತಕ ಇತ್ತು. ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಶಾಲೆಯಿಂದ ಬಂದ ಮೇಲೆ ನಾನು ಗ್ಯಾರೇಜಿನಲ್ಲಿ ಡಬ್ಬದ ಮೇಲೆ ಕೂತು ಓದಿ ಹೇಳುತ್ತಿದ್ದೆ. ಇಂಜಿನ್ನಿನ ಹೆಡ್ಡಿನ ನಟ್ ಎಷ್ಟು ಬಿಗಿಯಬೇಕು, ಯಾವುದು ಮೊದಲು, ಯಾವುದು ಆಮೇಲೆ. ಪುಸ್ತಕದಲ್ಲಿ ಪೌಂಡ್-ಅಡಿ ಇದ್ದರೆ ಬಿಗಿಯುವ ಬಲ ಅಳೆಯುವ ಅಪ್ಪನ ಟಾರ್ಕ್ ರೆಂಚಿನಲ್ಲಿ ಕೆಜಿ-ಮೀಟರ್. 50 ಪೌಂಡ್-ಅಡಿ ಅಂದರೆ ಹೆಚ್ಚುಕಡಿಮೆ 6.9 ಕೆಜಿ-ಮೀಟರ್. ಗುಣಾಕಾರ ನಾನು ಮಾಡಬೇಕು. ಮುಗಿದ ಮೇಲೆ ಅಪ್ಪ ‘ಇನ್ನೊಂದ್ಸಲ ಓದು’ ಅನ್ನುತ್ತಿದ್ದ. ವಾಲ್ವ್ ಹೊಂದಿಸುವ ಲೆಕ್ಕ ಮಾತ್ರ ಅವನಿಗೆ ಬಾಯಿಪಾಠ. ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದರ ಸಂದಿ ನೋಡು, ಆರನೆಯದು ತೆರೆದಾಗ ಮೂರನೆಯದರದು, ಎರಡು ನಂಬರ್ ಕೂಡಿದರೆ ಯಾವಾಗಲೂ ಒಂಬತ್ತೇ. ಅಷ್ಟು ಬಾಯಿಪಾಠ ಇದ್ದ ಮನುಷ್ಯನೂ ಪ್ರತಿ ಸಲ ಪುಟ ತೆಗೆಸುತ್ತಿದ್ದ. ಆ ಪುಟಗಳ ಅಂಚಿನಲ್ಲೆಲ್ಲ ಅವನ ಹೆಬ್ಬೆರಳಿನ ಗ್ರೀಸ್ ಗುರುತು.

ಅಪ್ಪ ಹೋದ ಮೇಲೆ ಗ್ಯಾರೇಜು ಖಾಲಿ ಮಾಡುವಾಗ ಆ ಪುಸ್ತಕವನ್ನು ನಾನೇ ರದ್ದಿಗೆ ಹಾಕಿದೆ. ಹಳೇ ಪೇಪರಿನ ಜೊತೆ, ತೂಕಕ್ಕೆ. ಯಾರಾದರೂ ‘ಸುಮ್ನೆ ಒಂದು ಪುಸ್ತಕ ತಾನೇ’ ಅಂದಾಗ ನನಗೆ ಯಾಕೆ ಅಷ್ಟು ಸಿಟ್ಟು ಬರುತ್ತದೆ ಅಂತ ಈಗ ಗೊತ್ತಾಯಿತಲ್ವಾ.

ವಿಡಿಯೋ ನೋಡಿ ಮಾಡುತ್ತೇವೆ ಅನ್ನುವವರಿಗೂ ಒಂದು ಮಾತು. ನೋಡಿದರೆ ಕೈ ಹೇಗೆ ಆಡಬೇಕು ಅಂತ ಗೊತ್ತಾಗುತ್ತದೆ. ಆದರೆ ವಿಡಿಯೋದವನು ಬಿಚ್ಚುತ್ತಿರುವುದು ಅವನ ಇಂಜಿನ್. ಅಂಕಿಯನ್ನು ಅವನಿಂದ ತಗೋಬೇಡಿ.

ಮೊದಲು ಬ್ಲಾಕಿನ ಮೇಲಿರುವ ಇಂಜಿನ್ ನಂಬರ್ ಬರೆದುಕೊಳ್ಳಿ. ಆರ್‌ಸಿಯಲ್ಲಿರುವ ವರ್ಷ ನಂಬಬೇಡಿ, ಇಷ್ಟು ಹಳೆಯ ಕಾರಿನಲ್ಲಿ ಇಂಜಿನ್ನೇ ಬದಲಾಗಿರಬಹುದು. ಆ ನಂಬರಿಗೆ ಹೊಂದುವ, ಕಾರು ಮಾಡಿದ ಕಂಪನಿಯದೇ ವರ್ಕ್‌ಶಾಪ್ ಮ್ಯಾನುವಲ್ ಕಾಗದದಲ್ಲಿ ತರಿಸಿ. ಎಂಜಿಬಿಗೆ ಅದರ ಮರುಮುದ್ರಣ ಸಿಗುತ್ತದೆ. ಪುಸ್ತಕ ಅಮೆರಿಕಕ್ಕೆ ಹೋದ ಕಾರಿನದೋ ಇಂಗ್ಲೆಂಡಿನ ಕಾರಿನದೋ ನೋಡಿ. 1975ರ ಹೊತ್ತಿಗೆ ಅಮೆರಿಕದ ಕಾರಿಗೆ ಒಂದೇ ಸ್ಟ್ರೋಂಬರ್ಗ್ ಕಾರ್ಬುರೇಟರ್ ಬಂತು, ಇಂಗ್ಲೆಂಡಿನ ಕಾರಿನಲ್ಲಿ ಎಸ್‌ಯು ಅನ್ನುವ ಎರಡು ಕಾರ್ಬುರೇಟರ್‌ಗಳೇ ಉಳಿದವು.

ಕಂಪನಿ ಪುಸ್ತಕಕ್ಕೂ ಒಂದು ಕೊರತೆ ಇದೆ. ಅದು ಬರೆದಿರುವುದು ಡೀಲರ್ ವರ್ಕ್‌ಶಾಪಿನ ಮೆಕ್ಯಾನಿಕ್‌ಗೆ. ಇಂಥ ನಂಬರಿನ ವಿಶೇಷ ಟೂಲ್ ತಗೋ ಅನ್ನುತ್ತದೆ, ಆ ಟೂಲ್ ಬಳ್ಳಾರಿಯಲ್ಲಿ ಎಲ್ಲಿ ಸಿಗಬೇಕು? ಅದಕ್ಕೇ ಪಕ್ಕದಲ್ಲಿ ಹೇನ್ಸ್ ಥರದ ಪುಸ್ತಕ ಬೇಕು. ಜಾನ್ ಹೇನ್ಸ್ ಬ್ರಿಟನ್ನಿನ ವಾಯುಪಡೆಯಲ್ಲಿದ್ದವರು. 1965ರಲ್ಲಿ ಈಗಿನ ಯೆಮನ್ನಿನ ಏಡನ್‌ನಲ್ಲಿದ್ದಾಗ ಸ್ನೇಹಿತನ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ಸರಿ ಮಾಡಲು ಹೋದರು. ಕಂಪನಿ ಪುಸ್ತಕ ಮಾಮೂಲಿ ಮನುಷ್ಯನಿಗೆ ಉಪಯೋಗವಿಲ್ಲ ಅಂತ ಕಂಡಿತು. ಬಿಚ್ಚುತ್ತಾ, ಜೋಡಿಸುತ್ತಾ ಒಂದೊಂದಕ್ಕೂ ಫೋಟೋ ತೆಗೆದರು. 1966ರಲ್ಲಿ ಅದೇ ಅವರ ಮೊದಲ ರಿಪೇರಿ ಮ್ಯಾನುವಲ್ ಆಯಿತು. ಏಡನ್ನೂ ನಮ್ಮೂರಿನ ಹಾಗೇ ಬಿಸಿಲೂರು. ಆ ಬಿಸಿಲಿನಲ್ಲಿ ಕೈ ಮಸಿ ಮಾಡಿಕೊಂಡು ಬರೆದ ಮನುಷ್ಯ ಅಂತ ನನಗೆ ಅವರ ಮೇಲೆ ಪ್ರೀತಿ. ಆದರೂ ಒಂದು ಅಂಕಿಗೆ ಎರಡೂ ಪುಸ್ತಕ ಬೇರೆ ಬೇರೆ ಹೇಳಿದರೆ ನಾನು ಕಂಪನಿಯದನ್ನೇ ನಂಬುತ್ತೇನೆ.

ಇಂದು ಬೆಳಿಗ್ಗೆ ಮತ್ತೆ ಶೆಡ್ಡಿಗೆ ಹೋಗಿದ್ದೆ. ಎರಡೂ ಪುಸ್ತಕಕ್ಕೆ ಆರ್ಡರ್ ಹಾಕಿಸಿದೆ. ಹುಡುಗನಿಗೆ ಇಂಜಿನ್ ನಂಬರ್ ಎಲ್ಲಿರುತ್ತದೆ ಅಂತ ತೋರಿಸಿದೆ. ಬ್ಲಾಕಿನ ಗ್ರೀಸ್ ಒರೆಸಿ ಅವನೇ ಓದಿದ, ಒಂದೊಂದೇ ಅಕ್ಷರ, ಎರಡು ಸಲ. ಪುಸ್ತಕ ಬರುವವರೆಗೆ ಯಾರೂ ಒಂದು ನಟ್ಟೂ ಮುಟ್ಟಬೇಡಿ ಅಂತ ಹೇಳಿ, ಧೂಳು ಕೂರದ ಹಾಗೆ ಕ್ರ್ಯಾಂಕಿಗೆ ಎಣ್ಣೆ ಸವರಿ, ಒಗೆದ ಪಂಚೆ ಹೊದಿಸಿ ಬಂದಿದ್ದೇನೆ.