ಡಾಕ್ಟರ್ ಹೌದು, ಆದರೆ ಈ ಆಪರೇಷನ್ನಿಗೆ?

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಆಸ್ಪತ್ರೆಯೊಂದರಲ್ಲಿ, ಹೊಸದಾಗಿ ನೇಮಕಗೊಳ್ಳುವ ತಜ್ಞ ವೈದ್ಯರ ಕಡತಗಳನ್ನು ಸಿದ್ಧಪಡಿಸುವ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಕರ್ನಾಟಕದಿಂದ ಬಂದ ವೈದ್ಯರು, ಕನ್ನಡದವನೊಬ್ಬ ಸಿಕ್ಕನೆಂಬ ಸಲುಗೆಯಿಂದ, ನನ್ನ ಮುಂದೆ ಹೇಳಿಕೊಳ್ಳುವ ದೂರು ಬಹುಮಟ್ಟಿಗೆ ಒಂದೇ: "ಊರಿನಲ್ಲಿ ಹದಿನೈದು ವರ್ಷ ಆಪರೇಷನ್ ಮಾಡಿದ್ದೇನೆ, ಇಲ್ಲಿ ನೋಡಿದರೆ ನನ್ನ ಪಕ್ಕದಲ್ಲಿ ಒಬ್ಬರನ್ನು ಕಾವಲಿಗೆ ನಿಲ್ಲಿಸುತ್ತೀರಲ್ಲ ಮಾರಾಯರೆ." ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಈ ಕಟ್ಟುನಿಟ್ಟು ಈ ನಾಡಿನವರಿಗೆ ಹುಟ್ಟಿನಿಂದ ಬಂದದ್ದೇನಲ್ಲ. ಇಲ್ಲಿಂದ ಸುಮಾರು 350 ಕಿಲೋಮೀಟರ್ ಉತ್ತರಕ್ಕಿರುವ, ನಮ್ಮ ಮಂಡ್ಯದಂತೆ ಕಬ್ಬಿಗೆ ಹೆಸರಾದ ಬಂಡಬರ್ಗ್ ಎಂಬ ಊರಿನ ಅನಾಹುತವೇ ಅವರಿಗೆ ಬಹಳಷ್ಟನ್ನು ಕಲಿಸಿತು.

ಬಂಡಬರ್ಗ್‌ನ ಸರ್ಕಾರಿ ಆಸ್ಪತ್ರೆಗೆ 2003ರಲ್ಲಿ ಜಯಂತ್ ಪಟೇಲ್ ಎಂಬ ಶಸ್ತ್ರಚಿಕಿತ್ಸಕರು ಅಮೆರಿಕದಿಂದ ಬಂದರು. ಸಣ್ಣ ಊರುಗಳಿಗೆ ಸರ್ಜನ್ ಸಿಗುವುದು ಇಲ್ಲಿಯೂ ಕಷ್ಟವಾದ್ದರಿಂದ ವೈದ್ಯರ ಕೊರತೆಯಿರುವ ಪ್ರದೇಶವೆಂಬ ವಿಶೇಷ ನಿಯಮದಡಿ ಅವರಿಗೆ ನೋಂದಣಿ ದೊರೆಯಿತು, ಬಂದ ಕೆಲವೇ ದಿನಗಳಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ನಿರ್ದೇಶಕ ಹುದ್ದೆಯೂ ಒಲಿಯಿತು. ಆದರೆ ಆರೆಗಾನ್ ರಾಜ್ಯದ ವೈದ್ಯಕೀಯ ಮಂಡಳಿ 2000ದಲ್ಲಿಯೇ ಅವರ ಕೆಲವು ಶಸ್ತ್ರಚಿಕಿತ್ಸೆಗಳಿಗೆ ನಿರ್ಬಂಧ ಹೇರಿತ್ತು; ಮರುವರ್ಷ ನ್ಯೂಯಾರ್ಕ್‌ನಲ್ಲಿ ಅವರು ಪರವಾನಗಿಯನ್ನೇ ಒಪ್ಪಿಸಬೇಕಾಗಿತ್ತು. ಆರೆಗಾನ್‌ನಿಂದ ಬಂದ ಪ್ರಮಾಣಪತ್ರದಲ್ಲಿ ಅವರ ಮೇಲೊಂದು ಆದೇಶವಿದೆ, ಲಗತ್ತನ್ನು ನೋಡಿ ಎಂಬ ಅರ್ಥದ ಸಾಲಿತ್ತು, ಲಗತ್ತು ಮಾತ್ರ ಇರಲಿಲ್ಲ. ಆ ಲಗತ್ತು ಎಲ್ಲಿ ಎಂದು, ಬಂಡಬರ್ಗ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ವೈದ್ಯಕೀಯ ಮಂಡಳಿ ಕೇಳಲೇ ಇಲ್ಲ. ಕಡತ ನೋಡಿಯೇ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಒಂದು ಸಾಲು ನಿದ್ದೆಗೆಡಿಸುವಂಥದ್ದು.

ಹಾಗೆಂದು ದೋಷವನ್ನೆಲ್ಲ ಮಂಡಳಿಯ ತಲೆಗೆ ಕಟ್ಟುವಂತಿಲ್ಲ. ನೋಂದಣಿ ಆದ ಬಳಿಕವೂ ಆಸ್ಪತ್ರೆಯ ಸಮಿತಿಯೊಂದು ಕುಳಿತು, ಈ ವೈದ್ಯರು ಇಲ್ಲಿ ಯಾವ ಯಾವ ಶಸ್ತ್ರಚಿಕಿತ್ಸೆ ಮಾಡಬಹುದು, ಅಂಥ ರೋಗಿಯನ್ನು ಆಮೇಲೆ ನೋಡಿಕೊಳ್ಳುವ ಶಕ್ತಿ ನಮ್ಮ ತೀವ್ರ ನಿಗಾ ಘಟಕಕ್ಕೆ ಇದೆಯೇ ಎಂದು ತೀರ್ಮಾನಿಸಬೇಕಿತ್ತು. ಅಂಥ ಪರಿಶೀಲನೆ ನಡೆಯಲಿಲ್ಲ. ಆ ಸಣ್ಣ ಆಸ್ಪತ್ರೆಯಲ್ಲಿ ಅನ್ನನಾಳವನ್ನು ತೆಗೆಯುವಂಥ ಭಾರೀ ಶಸ್ತ್ರಚಿಕಿತ್ಸೆಗಳು ನಡೆದವು. ಅಲ್ಲಿನ ತೀವ್ರ ನಿಗಾ ಘಟಕದ ಹಿರಿಯ ನರ್ಸ್ ಟೋನಿ ಹಾಫ್‌ಮನ್ ಆಡಳಿತಕ್ಕೆ ಮತ್ತೆ ಮತ್ತೆ ದೂರು ಕೊಟ್ಟು ಸೋತು, ಕೊನೆಗೆ ಶಾಸಕರೊಬ್ಬರ ಬಳಿಗೆ ಹೋದದ್ದರಿಂದ 2005ರ ಮಾರ್ಚ್‌ನಲ್ಲಿ ವಿಷಯ ಶಾಸನಸಭೆಗೆ ಬಂತು. ಪಟೇಲರ ಅಮೆರಿಕದ ಇತಿಹಾಸವನ್ನು ಪತ್ರಕರ್ತರೊಬ್ಬರು ಅಂತರ್ಜಾಲದಲ್ಲಿ ಹುಡುಕಿ ತೆಗೆದರು. ನರಹತ್ಯೆಯ ಆರೋಪದಲ್ಲಿ 2010ರಲ್ಲಿ ಅವರಿಗೆ ಆದ ಶಿಕ್ಷೆಯನ್ನು ಇಲ್ಲಿನ ಅತ್ಯುನ್ನತ ನ್ಯಾಯಾಲಯವು 2012ರಲ್ಲಿ ರದ್ದುಪಡಿಸಿತೆಂಬುದನ್ನೂ ಹೇಳಬೇಕು. ನೋಂದಣಿ ಮತ್ತು ನೌಕರಿಗಾಗಿ ವಂಚಿಸಿದ್ದನ್ನು 2013ರಲ್ಲಿ ಅವರೇ ಒಪ್ಪಿಕೊಂಡರು.

ಈಗ ರಾಜ್ಯಕ್ಕೊಂದು ಮಂಡಳಿ ಎಂಬ ವ್ಯವಸ್ಥೆ ಇಲ್ಲ. 2010ರ ಜುಲೈಯಿಂದ ಇಡೀ ದೇಶಕ್ಕೆ ಒಂದೇ ನೋಂದಣಿ ಪಟ್ಟಿಯಿದ್ದು, ವೈದ್ಯರ ಹೆಸರು ಹಾಕಿದರೆ ಅವರ ಪರಿಣತಿಯನ್ನೂ ಅವರ ಮೇಲಿರುವ ಷರತ್ತುಗಳನ್ನೂ ಯಾರು ಬೇಕಾದರೂ ಓದಬಹುದು. ಹೊರದೇಶದ ಪದವಿಯನ್ನು ಅಭ್ಯರ್ಥಿ ತಂದ ಪ್ರತಿಯಿಂದಲ್ಲ, ಅದನ್ನು ಕೊಟ್ಟ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳುತ್ತಾರೆ. ಮೇಲ್ವಿಚಾರಣೆಗೆ ನಾಲ್ಕು ಹಂತಗಳಿವೆ. ಅತ್ಯಂತ ಬಿಗಿಯಾದ ಹಂತದಲ್ಲಿ ಹಿರಿಯ ವೈದ್ಯರು ಪಕ್ಕದಲ್ಲಿಯೇ ಇರಬೇಕು, ವಿಶ್ವಾಸ ಮೂಡಿದಂತೆ ಅದು ಸಡಿಲವಾಗುತ್ತದೆ. ಇದರ ಮೇಲೆ ಆಸ್ಪತ್ರೆಯ ಸಮಿತಿ ಕೊಡುವ ಅನುಮತಿ ಬೇರೆ, ಅದೂ ನಿಗದಿತ ಅವಧಿಗೆ ಮಾತ್ರ.

ಊರಿನ ಕಡೆಗೆ ಬರೋಣ. ಎರಡು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಹಳೆ ಮೈಸೂರು ಭಾಗದ ಒಂದು ನರ್ಸಿಂಗ್ ಹೋಮಿನಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆಯಿತು. ಸರ್ಜನ್ ಹೊಸಬರು, ವಾರಕ್ಕೆರಡು ದಿನ ಬೆಂಗಳೂರಿನಿಂದ ಬರುವವರು. ಅವರಿಗೆ ಇಲ್ಲಿ ಯಾವ ಯಾವ ಶಸ್ತ್ರಚಿಕಿತ್ಸೆಗೆ ಅನುಮತಿ ಕೊಟ್ಟಿದ್ದೀರಿ ಎಂದು ಆಡಳಿತದವರನ್ನು ಕೇಳಿದಾಗ, "ಸರ್, ಅವರ ಕೆಎಂಸಿ ನಂಬರ್ ಇದೆ, ತುಂಬಾ ದೊಡ್ಡ ಡಾಕ್ಟರು" ಎಂಬ ಉತ್ತರ ಬಂತು. ಚಿಕಿತ್ಸೆಯೇನೋ ಚೆನ್ನಾಗಿಯೇ ಆಯಿತು. ಆದರೆ ನಾನು ಕೇಳಿದ್ದು ಅವರು ಡಾಕ್ಟರೋ ಅಲ್ಲವೋ ಎಂದಲ್ಲ. ಹಾಗೊಂದು ಬೇರೆ ಪ್ರಶ್ನೆಯಿದೆ ಎಂಬುದೇ ಅಲ್ಲಿ ಯಾರಿಗೂ ಹೊಳೆದಂತೆ ಕಾಣಲಿಲ್ಲ. ಕೆಎಂಸಿ, ಅಂದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಪದವಿಯ ಮಾತು ಹೇಳುತ್ತದೆಯೇ ಹೊರತು, ನಾಳೆ ಬೆಳಿಗ್ಗೆ ಈ ಥಿಯೇಟರಿನಲ್ಲಿ ನಡೆಯಲಿರುವ ಕೆಲಸದ ಮಾತನ್ನಲ್ಲ. ಬಂದು ಹೋಗುವ ತಜ್ಞರ ಪದ್ಧತಿಯಲ್ಲಂತೂ, ಆಪರೇಷನ್ ಮುಗಿಸಿದವರು ಸಂಜೆ ಬಸ್ಸೋ ಕಾರೋ ಹತ್ತಿದ ಮೇಲೆ ಅವರ ಕೆಲಸವನ್ನು ಒರೆಗೆ ಹಚ್ಚುವವರೇ ಇರುವುದಿಲ್ಲ.

ನಿಯಮವೇ ಇಲ್ಲವೆಂದರೆ ತಪ್ಪಾದೀತು. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಚ್‌ನ ಮಾನ್ಯತೆ ಬಯಸುವ ಆಸ್ಪತ್ರೆಗಳು ವೈದ್ಯರ ಅರ್ಹತೆಯನ್ನು ಪರಿಶೀಲಿಸಿ, ಯಾರು ಏನು ಮಾಡಬಹುದೆಂದು ನಿಗದಿಪಡಿಸಲೇಬೇಕು, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳು ಇದನ್ನು ಮಾಡುತ್ತವೆ ಕೂಡ. ತೊಂದರೆ ಇರುವುದು ಮಾನ್ಯತೆಯ ಗೊಡವೆಗೆ ಹೋಗದ ಮೂವತ್ತು ಹಾಸಿಗೆಯ ಆಸ್ಪತ್ರೆಗಳಲ್ಲಿ. ಒಬ್ಬರೇ ಮಾಲೀಕ ವೈದ್ಯರಿರುವಲ್ಲಿ ಸಮಿತಿ ಮಾಡಿ ಎಂದರೆ ಅವರು ನಕ್ಕಾರು, ಅದು ನ್ಯಾಯವೇ. ಹಾಗಾಗಿ ಆ ಕೆಲಸ ಜಿಲ್ಲೆಯ ಮಟ್ಟದಲ್ಲಿ ಆಗಬೇಕೆಂಬುದು ನನ್ನ ಅನಿಸಿಕೆ. ಹಾಸನ, ಮಂಡ್ಯ, ಶಿವಮೊಗ್ಗಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ಹಿರಿಯ ಪ್ರಾಧ್ಯಾಪಕರಿದ್ದಾರೆ. ಹೊಸ ತಜ್ಞರ ಹಿಂದಿನ ಕೆಲಸದ ವಿವರವನ್ನು ಹಿಂದಿನ ಆಸ್ಪತ್ರೆಯಿಂದಲೇ ತರಿಸಿಕೊಂಡು, ಅವರ ಮೊದಲ ಕೆಲವು ಶಸ್ತ್ರಚಿಕಿತ್ಸೆಗಳನ್ನು ಇಂಥ ಹಿರಿಯರೊಬ್ಬರು ನೋಡಿ ಸಹಿ ಹಾಕುವುದು ಹಣಕ್ಕಿಂತ ಹೆಚ್ಚಾಗಿ ಮನಸ್ಸು ಬೇಡುವ ಕೆಲಸ. ಸಹಿಯಾದ ಪಟ್ಟಿಯ ಒಂದು ಪ್ರತಿಯನ್ನು ಮಾಲೀಕರ ಬೀರುವಿನಲ್ಲಿ ಬೀಗ ಹಾಕಿಡದೆ ಥಿಯೇಟರಿನ ಗೋಡೆಗೆ ಅಂಟಿಸಲಿ, ಪಟ್ಟಿಯಲ್ಲಿಲ್ಲದ ಆಪರೇಷನ್ನಿಗೆ ರೋಗಿಯನ್ನು ಒಳಗೆ ತಂದಾಗ ನರ್ಸಮ್ಮನವರು ಬೆರಳಿಟ್ಟು ತೋರಿಸುವಷ್ಟು ಎತ್ತರದಲ್ಲಿ.